ಟಪಾಲು ಇಥೆಲನ ಏಳನೆಯ ನಕ್ಷತ್ರ

ಪೊಂಟ್‌ಗ್ಲಾಸ್ ಊರಿನಲ್ಲಿ ಭಾನುವಾರ ಚಾಪೆಲ್ಲಿನ ಪ್ರಾರ್ಥನೆ ಮುಗಿದ ಕೂಡಲೇ ಮನೆಗೆ ಹೊರಡುವ ಪದ್ಧತಿ ಇರಲಿಲ್ಲ. ಎಲ್ಲರೂ ಅಂಗಳದಲ್ಲಿ ನಿಂತು ವಾರದ ಕಾಗದಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಬೇಕರಿಯವನ ಕಾಗದ ಪಾದ್ರಿಗಳ ಹತ್ತಿರ, ಪಾದ್ರಿಗಳದ್ದು ಚಮ್ಮಾರನ ಹತ್ತಿರ, ಚಮ್ಮಾರನ ಮಗಳಿಗೆ ಬಂದ ಪ್ರೇಮಪತ್ರ ಎಪ್ಪತ್ತು ದಾಟಿದ ಗಂಟೆ ಬಾರಿಸುವವನ ಹತ್ತಿರ. ಆ ಮುದುಕ ಅದನ್ನು ಎರಡು ಸಲ ಓದಿ, ಮನಸ್ಸಿಲ್ಲದ ಮನಸ್ಸಿನಿಂದ ಹಿಂದಿರುಗಿಸಿದನೆಂದು ಪ್ರತೀತಿ.

ಇದಕ್ಕೆಲ್ಲ ಕಾರಣ ಟಪಾಲು ಇಥೆಲ್. ಒಳ್ಳೆಯ ಮನುಷ್ಯ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿದವನಲ್ಲ. ಅವನ ಒಂದೇ ಒಂದು ದೋಷವೆಂದರೆ ಕಣ್ಣು ಕಾಣದಿರುವುದು. ಪೂರ್ತಿ ಕಾಣುತ್ತಿರಲಿಲ್ಲವೆಂದೇನಲ್ಲ. ಮನೆ ಇದೆ ಎಂದು ಕಾಣುತ್ತಿತ್ತು, ಯಾರ ಮನೆ ಎಂದು ಕಾಣುತ್ತಿರಲಿಲ್ಲ.

"ಒಂದು ಕನ್ನಡಕ ಹಾಕ್ಕೊಳ್ರೀ," ಎಂದು ಹೆಂಡತಿ ಡಿಲಿಸ್ ಹೇಳಿ ಹೇಳಿ ಸುಸ್ತಾಗಿದ್ದಳು. "ನಿನ್ನೆ ಬಾಗಿಲಲ್ಲಿ ನಿಂತಿದ್ದ ಕುರಿಗೆ ಟೋಪಿ ತೆಗೆದು ನಮಸ್ಕಾರ ಮಾಡಿದ್ರಂತೆ."

"ಅದು ಬಿಳೀ ಶಾಲು ಹೊದ್ದಿತ್ತು ಕಣೇ."

"ಅದು ಉಣ್ಣೆ!"

ಇಥೆಲ್ ಕನ್ನಡಕಕ್ಕೆ ಒಪ್ಪದಿರಲು ಬಲವಾದ ಕಾರಣವಿತ್ತು. ಅವನಿಗೆ ಹರಿಗೋಲಿನ ಹುಚ್ಚು, ಕನ್ನಡಕ ಹಾಕಿದವನನ್ನು ಯಾರೂ ಹರಿಗೋಲಿಗೆ ಜೊತೆಗಾರನಾಗಿ ಕರೆಯುತ್ತಿರಲಿಲ್ಲ. ಟೌವಿ ನದಿಯ ಮೇಲೆ ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಹರಿಗೋಲಿನಲ್ಲಿ ಕುಳಿತು ಸ್ಯೂಯಿನ್ ಹಿಡಿದವರೇ. ಸ್ಯೂಯಿನ್ ಅಂದರೆ ಈ ನದಿಯಲ್ಲೇ ಹುಟ್ಟಿ, ಸಮುದ್ರಕ್ಕೆ ಹೋಗಿ ಉಂಡು ಕೊಬ್ಬಿ, ಬೆಳ್ಳಿಯ ಹಾಗೆ ಹೊಳೆಯುತ್ತ ಬೇಸಿಗೆಯಲ್ಲಿ ತವರಿಗೆ ಬರುವ ಟ್ರೌಟ್ ಮೀನು. ಊರಿನಲ್ಲಿ ಹರಿಗೋಲು ಇಳಿಸಲು ಪರವಾನಗಿ ಇದ್ದದ್ದು ಆರೇ ಆರು ಜೋಡಿಗೆ. ಇಬ್ಬರು ಎರಡು ಹರಿಗೋಲಿನಲ್ಲಿ, ನಡುವೆ ಬಲೆ ಹಿಡಿದು, ಒಂದೊಂದೇ ಕೈಯಲ್ಲಿ ಹುಟ್ಟು ಹಾಕುತ್ತ ಹೊಳೆಯ ಜೊತೆ ತೇಲಿ ಹೋಗಬೇಕು. ಜೊತೆಗಾರ ಸಿಗದೆ ಒಂದು ವರ್ಷ ಹರಿಗೋಲು ನೀರಿಗಿಳಿಯಲಿಲ್ಲವೋ, ಪರವಾನಗಿ ಹೋಯಿತು. ಮತ್ತೆ ಯಾವ ಜನ್ಮಕ್ಕೂ ಬರುವುದಿಲ್ಲ. ಇಥೆಲನ ಅಪ್ಪನದು ಹೋದದ್ದು ಹಾಗೆಯೇ. ನಲವತ್ನಾಲ್ಕು ವರ್ಷದ ಇಥೆಲ್ ಬೇರೆಯವರು ಹರಿಗೋಲನ್ನು ಬೆನ್ನ ಮೇಲೆ ಹೊತ್ತು, ಆಮೆಗಳ ಹಾಗೆ ಸಾಲಾಗಿ ಹೊಳೆಗೆ ಇಳಿಯುವುದನ್ನು ಸೇತುವೆಯ ಮೇಲೆ ನಿಂತು ನೋಡುತ್ತ ಕೊರಗುತ್ತಿದ್ದ.

ಆ ವರ್ಷ ಜೂನ್ ತಿಂಗಳಲ್ಲಿ ಹಾಪ್ಕಿನ್ ಅವನನ್ನು ಕರೆದ.

ಹಾಪ್ಕಿನ್ ಎಂದರೆ ಆರು ಜೋಡಿಗೂ ಹಿರಿಯ. ಅವನ ಜೊತೆಗಾರ ಗೆಥಿನ್ ಸತ್ತು ಒಂಬತ್ತು ವರ್ಷವಾಗಿತ್ತು. ಗೆಥಿನ್ ಮೀನಿನ ವಿಷಯದಲ್ಲಿ ಊರಿಗೇ ದೊಡ್ಡ ಹೆಸರು. ಅವನಾದ ಮೇಲೆ ಹಾಪ್ಕಿನ್ ನಾಲ್ಕು ಜನರನ್ನು ಇಟ್ಟುಕೊಂಡು ನಾಲ್ವರನ್ನೂ ಬೈದು ಓಡಿಸಿದ್ದ. ಈ ಸಲ ಯಾರೂ ಸಿಗದಿದ್ದರೆ ಅವನ ಪರವಾನಗಿಯೂ ಮಣ್ಣುಪಾಲು.

"ಬೆನ್ನು ಗಟ್ಟಿ ಇದೆಯೇನೋ?" ಎಂದ ಹಾಪ್ಕಿನ್.

"ಇದೆ ಹಾಪ್ಕಿನಣ್ಣ."

"ಬಾಯಿ ಮುಚ್ಚಿಕೊಂಡು ಇರ್ತೀಯಾ?"

"ಇರ್ತೀನಿ."

"ಕಣ್ಣು ಹೆಂಗಿದೆ?"

ಇಥೆಲ್ ಎದೆ ಉಬ್ಬಿಸಿ, "ಹದ್ದಿನ ಕಣ್ಣು," ಎಂದ. ಹಾಗೆಂದು ಹಾಪ್ಕಿನನ ಕೈ ಕುಲುಕಲು ಹೋಗಿ ಪಕ್ಕದಲ್ಲಿದ್ದ ಬೇಲಿಯ ಗೂಟವನ್ನು ಹಿಡಿದುಕೊಂಡ. ಹಾಪ್ಕಿನ್ ಅಷ್ಟರಲ್ಲಿ ಉಗುಳಲು ತಿರುಗಿದ್ದರಿಂದ ನೋಡಲಿಲ್ಲ.

ಕಣ್ಣಿನ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಕತ್ತಲಾಗದೆ ಸ್ಯೂಯಿನ್ ಮಡು ಬಿಟ್ಟು ಕದಲುವುದಿಲ್ಲ. ಬೆಳಕಿನಲ್ಲಿ ಬಲೆ ಕಂಡರೆ ದೂರದಿಂದಲೇ ತಿರುಗಿ ಹೋಗುತ್ತದೆ. ಆದ್ದರಿಂದ ಆಕಾಶದಲ್ಲಿ ಏಳು ನಕ್ಷತ್ರ ಕಾಣುವವರೆಗೆ ಯಾವ ಹರಿಗೋಲೂ ನೀರಿಗೆ ಇಳಿಯಬಾರದೆಂದು ಅಜ್ಜಂದಿರ ಕಾಲದ ಕಟ್ಟಳೆ. ಎಣಿಸುವ ಹಕ್ಕು ಹಿರಿಯ ಜೋಡಿಯ ಕಿರಿಯ ಜೊತೆಗಾರನದು. ಹಳಬರೆಲ್ಲ ತಲೆ ತಗ್ಗಿಸಿ ನೀರು ನೋಡುತ್ತ ಕೂರುತ್ತಾರೆ. ಎಣಿಸುವವನು "ಏಳು" ಎಂದ ಮೇಲೆಯೇ ಆರು ಜೋಡಿಯೂ ಏಳಬೇಕು. ಹೀಗೆ ಊರಿನ ಹನ್ನೆರಡು ಗಂಡಸರ ಹೊಟ್ಟೆಪಾಡು, ಕುರಿಗೆ ನಮಸ್ಕಾರ ಮಾಡುವವನ ಕಣ್ಣಿನ ಮೇಲೆ ಬಂದು ನಿಂತಿತು.

ಮೊದಲ ಸಂಜೆ. ಇಥೆಲ್ ಕುತ್ತಿಗೆ ಎತ್ತಿ ನಿಂತ. ಬಹಳ ಹೊತ್ತಿನ ಮೇಲೆ ಒಂದು ಮಸುಕು ಬೆಳಕು ಕಂಡಿತು. ಆಮೇಲೆ ಎರಡು. ಮೂರು. ಕತ್ತಲು ದಟ್ಟವಾಗುತ್ತ ಹೋದಂತೆ ಹೇಗೋ ಆರು ಮುಟ್ಟಿದ. ಅಲ್ಲಿಗೆ ಅವನ ಆಕಾಶ ಖಾಲಿ.

"ಎಷ್ಟಾಯ್ತೋ?" ಹಾಪ್ಕಿನ್ ಕೇಳಿದ.

"ಆರು."

ಉಳಿದವರು ಗೊಣಗಿದರು. ಕಟ್ಟಳೆ ಮುರಿದು ತಲೆ ಎತ್ತಿ ನೋಡಿದ ಒಬ್ಬ, "ಆರೇನೋ ಮಾರಾಯ? ಮೇಲೆ ರಾಶಿ ಬಿದ್ದಿದೆಯಲ್ಲೋ!" ಎಂದು ಕೂಗಿದ.

ಆ ಕ್ಷಣದಲ್ಲಿ ಇಥೆಲ್ ನಿಜ ಹೇಳಿಬಿಡಬಹುದಿತ್ತು. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಹಾಪ್ಕಿನನ ಪರವಾನಗಿಯೂ ಮುಗಿಯುತ್ತಿತ್ತು. ಆದರೆ ಮನುಷ್ಯನಿಗೆ ಮಾನ ಹೋಗುವ ಸಮಯದಲ್ಲಿ ಎಲ್ಲಿಲ್ಲದ ಗಾಂಭೀರ್ಯ ಬರುತ್ತದೆ. ಇಥೆಲ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, "ಅವೆಲ್ಲ ಚಿಲ್ಲರೆ. ಲೆಕ್ಕಕ್ಕಿಲ್ಲ. ಏಳನೆಯದು ಇನ್ನೂ ಬಂದಿಲ್ಲ," ಎಂದ.

ಎಲ್ಲರೂ ಮತ್ತೆ ನೀರಿನ ಕಡೆ ತಲೆ ತಗ್ಗಿಸಿದರು. ಹಾಪ್ಕಿನ್ ಮಾತ್ರ ಬಾಯಿಂದ ಪೈಪು ತೆಗೆದು, "ಗೆಥಿನ್ನೂ ಹೀಗೇ ಅಂತಿದ್ದ. 'ಇನ್ನೊಂದು ಬಾಕಿ ಇದೆ, ತಡಿ' ಅಂತಿದ್ದ," ಎಂದು ಮೆಲ್ಲಗೆ ಹೇಳಿದ.

ಸ್ವಲ್ಪ ಹೊತ್ತಿನ ಮೇಲೆ ಪೂರ್ವದ ಗುಡ್ಡದ ನೆತ್ತಿಯಲ್ಲಿ ಹಳದಿಯದೊಂದು, ಉಳಿದವಕ್ಕಿಂತ ಗುಂಡಗೆ, ಹಸನಾಗಿ ಮೂಡಿತು. ಇಥೆಲನಿಗೆ ಹೋದ ಜೀವ ಬಂತು. "ಏಳು!" ಎಂದು ಕಿರುಚಿದ.

ಆ ರಾತ್ರಿ ಸ್ಯೂಯಿನ್ ಬಂದ ಬಗೆಯನ್ನು ಈಗಲೂ ಹೇಳುತ್ತಾರೆ. ಮೂರು ವಾರ ಖಾಲಿ ಬಲೆ ಎಳೆದವರಿಗೆ ಬಲೆಯೇ ಸಾಲದಾಯಿತು. ಇಥೆಲ್ ಎರಡು ಸಲ ಹರಿಗೋಲು ಗಿರಗಿರನೆ ತಿರುಗಿಸಿ, ಮೀನು ಬಡಿಯುವ ದೊಣ್ಣೆಯಿಂದ ತನ್ನ ಮೊಣಕಾಲನ್ನೇ ಬಡಿದುಕೊಂಡ. ಆದರೂ ಅವರ ಜೋಡಿಗೆ ಹನ್ನೊಂದು ಮೀನು.

ಬೆಳಗಿನ ಜಾವ ಮಳೆ ಸುರಿದು, ಮರುದಿನ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಥೆಲ್ ಆರು ಎಣಿಸಿ ನಿಂತ. ಏಳನೆಯದು ಬರಲಿಲ್ಲ. ಗಂಟೆ ಆಯಿತು. ಬರಲಿಲ್ಲ.

"ಇವತ್ತು ಇಲ್ಲ," ಎಂದ ಇಥೆಲ್, ಅಳು ಬರುವ ಹಾಗಾಗಿದ್ದರೂ.

ಹಾಪ್ಕಿನ್ ಎದ್ದು ಹರಿಗೋಲು ಬೆನ್ನಿಗೇರಿಸಿ ಮನೆಯ ಕಡೆ ನಡೆದ. ಎರಡು ಜೋಡಿ ಮಾತ್ರ, "ಇವನಿಗೇನೋ ಹುಚ್ಚು, ನಮಗೂ ಹುಚ್ಚೇ?" ಎಂದು ಕಟ್ಟಳೆ ಮೀರಿ ಇಳಿದರು. ನೀರು ಸೆಳೆದ ಸೆಳೆತಕ್ಕೆ ಬಲೆ ಮುಳುಗಿದ ಮರಕ್ಕೆ ಸಿಕ್ಕಿ ಚಿಂದಿಯಾಯಿತು. ಒಂದು ಬಾಲವೂ ಸಿಗಲಿಲ್ಲ.

ಅಲ್ಲಿಂದ ಇಥೆಲನ ಯೋಗವೇ ತಿರುಗಿತು. ಹತ್ತು ಹದಿನೈದು ದಿನ ಹೀಗೇ ನಡೆಯಿತು: ಏಳನೆಯದು ಬಂದ ದಿನ ಬಲೆ ತುಂಬ, ಬಾರದ ದಿನ ಮನೆಗೆ. ಒಂದು ಸಲವೂ ತಪ್ಪಲಿಲ್ಲ. ಹನ್ನೊಂದು ಮನೆಯ ಹೆಂಗಸರು ಡಿಲಿಸಳಿಗೆ ಬೆಣ್ಣೆ ಸವರಿದ ಬನ್ನು ಕಳಿಸತೊಡಗಿದರು. ಚಾಪೆಲ್ಲಿನಲ್ಲಿ ಅವನಿಗೆ ಮುಂದಿನ ಸಾಲು ಬಿಟ್ಟುಕೊಟ್ಟರು. ತಪ್ಪು ಕಾಗದ ಸಿಕ್ಕಿದವರು, "ಅವರ ದೃಷ್ಟಿಯೆಲ್ಲ ಮೇಲಿರತ್ತೆ, ಪಾಪ, ಇಂಥ ಸಣ್ಣ ವಿಷಯ ಯಾಕೆ ಕಾಣುತ್ತೆ?" ಎಂದು ತಾವೇ ಸಮಾಧಾನ ಹೇಳಿಕೊಂಡರು.

ಡಿಲಿಸ್ ಒಬ್ಬಳೇ ನಂಬದವಳು. ಕುರಿಮಾಂಸದ ಸಾರು ಬಡಿಸುತ್ತ ಕೇಳಿದಳು: "ನಿಜ ಹೇಳ್ರೀ. ಎದುರಿಗೆ ಕೂತಿರೋ ನನ್ನ ಮೂಗು ಕಾಣುತ್ತಾ?"

"ಅಂದಾಜು ಇದೆ."

"ಅಂದಾಜಂತೆ! ಒಂದಿನ ಸಿಕ್ಕಿಬೀಳ್ತೀರಿ ನೋಡಿ. ಆಗ ಈ ಬನ್ನೆಲ್ಲ ಯಾರು ವಾಪಸ್ ಕೊಡೋದು?"

ಸಿಕ್ಕಿಬೀಳುವ ದಿನ ದೂರವಿರಲಿಲ್ಲ. ಗಾಳ ಹಾಕಿ ಮೀನು ಹಿಡಿಯುವ ಪೇಟೆಯ ದೊಡ್ಡ ಮನುಷ್ಯರಿಗೆ ಹೊಟ್ಟೆಕಿಚ್ಚು ಹತ್ತಿತು. ಹರಿಗೋಲಿನವರು ಏನೋ ಕಳ್ಳ ಉಪಾಯ ಮಾಡಿದ್ದಾರೆಂದು ದೂರು ಕೊಟ್ಟರು. ವಿಚಾರಣೆಗೆ ನದಿ ಕಾವಲಿನ ಮಡಾಕ್ ಬಂದ. ನಗುವುದು ನಿಯಮಕ್ಕೆ ವಿರುದ್ಧ ಎಂದುಕೊಂಡಿದ್ದ ಮನುಷ್ಯ. ಕಂಕುಳಲ್ಲಿ ಹಿತ್ತಾಳೆಯ ದುರ್ಬೀನು. ಜೊತೆಗೆ ಸಾಕ್ಷಿಗೆಂದು ಪಾದ್ರಿ ಬೆವನ್ನರನ್ನು ಕರೆತಂದಿದ್ದ. ಪಾದ್ರಿಗಳ ಕೈಯಲ್ಲಿ ಆಕಾಶದ ನಕ್ಷೆ.

ಊರಿಗೆ ಊರೇ ಹೊಳೆ ದಂಡೆಯಲ್ಲಿ ಸೇರಿತು. ಇಥೆಲ್ ಆರು ಎಣಿಸಿದ. ಗುಡ್ಡದ ನೆತ್ತಿಯಲ್ಲಿ ಹಳದಿ ಬೆಳಕು ಮೂಡಿತು.

"ಏಳು!"

"ತೋರಿಸಿ," ಎಂದ ಮಡಾಕ್. "ಯಾವುದು ಅಂತ ಕೈ ಮಾಡಿ ತೋರಿಸಿ."

ಇಥೆಲ್ ಹೆಮ್ಮೆಯಿಂದ ಕೈ ಚಾಚಿದ. "ಅಗೋ, ಗುಡ್ಡದ ಮೇಲೆ. ಹಳದಿ. ದೊಡ್ಡದು."

ಪಾದ್ರಿಗಳು ಲಾಂದ್ರದ ಬೆಳಕಿನಲ್ಲಿ ನಕ್ಷೆಯನ್ನು ಮೇಲೆ ಕೆಳಗೆ ತಿರುಗಿಸಿದರು. "ನಕ್ಷೆಯಲ್ಲಿ ಇಲ್ಲ. ಹಾಗಂತ ಇಲ್ಲವೇ ಇಲ್ಲ ಅಂತ ಹೇಳಕ್ಕೂ ಬರಲ್ಲ. ದೇವರ ಮಹಿಮೆ ದೊಡ್ಡದು," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಮಡಾಕ್ ದುರ್ಬೀನು ಕಣ್ಣಿಗೆ ಹಚ್ಚಿದ. ಬಹಳ ಹೊತ್ತು ನೋಡಿದ. ಆಮೇಲೆ ಸರಕಾರಿ ದನಿಯಲ್ಲಿ ವರದಿ ಓದುವವನ ಹಾಗೆ ಹೇಳಿದ:

"ನಕ್ಷತ್ರಕ್ಕೆ ಕಿಟಕಿ ಇದೆ. ಕಿಟಕಿಗೆ ಚೌಕಳಿ ಪರದೆ ಇದೆ. ನಕ್ಷತ್ರದ ಪಕ್ಕದಲ್ಲಿ ಬೆಕ್ಕು ಕೂತಿದೆ."

ಎಲ್ಲರೂ ಕತ್ತು ತಿರುಗಿಸಿ ಗುಡ್ಡ ನೋಡಿದರು. ಆಮೇಲೆ ಯಾರೋ, "ಅಯ್ಯೋ, ಅದು ಟೆಗ್ವೆನಮ್ಮನ ಅಡುಗೆಮನೆ ದೀಪ ಕಣ್ರೋ!" ಎಂದರು. ನಗು ದಂಡೆಯಿಂದ ಎದ್ದು ಸೇತುವೆಗೆ ಹೋಗಿ, ಸೇತುವೆಯಿಂದ ಪಬ್ಬಿಗೆ ಹೋಗಿ, ಪಬ್ಬಿನಿಂದ ಇನ್ನೂ ಹತ್ತು ಜನರನ್ನು ಕರೆದುಕೊಂಡು ವಾಪಸ್ ಬಂತು. ಕಣ್ಣಿದ್ದವರಿಗೆಲ್ಲ ಅದು ದೀಪವೆಂದು ಮೊದಲಿನಿಂದ ಗೊತ್ತು. ಗೊತ್ತಿದ್ದರಿಂದಲೇ ಯಾರೂ ಅದನ್ನು ನೋಡಿರಲಿಲ್ಲ.

"ಮತ್ತೆ ಮೀನು ಬಿತ್ತಲ್ಲ?" ಎಂದು ಒಬ್ಬ ಕೇಳಿದ.

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು," ಎಂದು ಇನ್ನೊಬ್ಬ ಹೇಳಿ ಮತ್ತೆ ನಕ್ಕ.

ದೀಪ ನೋಡಿ ಹೊರಡುವುದು ಯಾವ ನಿಯಮಕ್ಕೆ ವಿರುದ್ಧವೆಂದು ಮಡಾಕನಿಗೆ ತಿಳಿಯಲಿಲ್ಲ. ಪುಸ್ತಕ ನೋಡಿ ಹೇಳುವುದಾಗಿ ಹೊರಟುಹೋದ. ನಗದೆ ನಿಂತವನು ಹಾಪ್ಕಿನ್ ಒಬ್ಬನೇ. ಅವನು ಇಥೆಲನ ಮುಖದ ಹತ್ತಿರ ಬಂದು ಮೂರು ಬೆರಳು ಎತ್ತಿ ಹಿಡಿದ.

"ಎಷ್ಟು?"

"...ಐದು?"

"ಹದ್ದಿನ ಕಣ್ಣು ಅಂದಿದ್ದೆ," ಎಂದ ಹಾಪ್ಕಿನ್. "ಮಡುವಿನಲ್ಲಿ ಮುಳುಗಿಸಿ ಸಾಯಿಸ್ತಿದ್ದೆಯಲ್ಲೋ ನನ್ನನ್ನ. ನಾಳೆಯಿಂದ ಬರಬೇಡ. ನನಗೂ ಸಾಕು, ಪರವಾನಗಿ ಹಾಳಾಗಿ ಹೋಗಲಿ."

ಇಥೆಲ್ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದ. ಡಿಲಿಸ್ ಬೈಯಬೇಕೆಂದು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ನುಂಗಿಕೊಂಡಳು. ಅವನ ಅಪ್ಪನ ಹುಟ್ಟನ್ನು ಮಂಚದ ಪಕ್ಕ ಒರಗಿಸಿಟ್ಟಿದ್ದ. ಅದನ್ನು ಕಂಡೇ ಅವಳಿಗೆ ಸಂಕಟವಾಯಿತು.

ಬೆಳಗಾದರೆ ಟಪಾಲು ಹೊರಬೇಕಲ್ಲ. ಗುಡ್ಡದ ಮನೆಗೆ ಒಂದು ಕಾಗದವಿತ್ತು, ಅಥವಾ ಇದೆಯೆಂದು ಇಥೆಲನ ನಂಬಿಕೆ. ಟೆಗ್ವೆನಮ್ಮ ಎಪ್ಪತ್ತೆರಡರ ಮುದುಕಿ, ಸತ್ತ ಗೆಥಿನನ ಹೆಂಡತಿ. ಬಾಗಿಲಲ್ಲೇ ಕಾಗದ ಇಸಿದುಕೊಂಡು ನೋಡಿ, "ಇದು ಪಾದ್ರಿಗಳದ್ದು. ಇರಲಿ ಬಾ, ಚಹಾ ಕುಡಿ. ನಿನ್ನೆ ನನ್ನ ಬೆಕ್ಕನ್ನ ಊರೆಲ್ಲ ನೋಡಿದ್ರಂತೆ?" ಎಂದಳು.

"ತಪ್ಪಾಯ್ತು ಟೆಗ್ವೆನಮ್ಮ. ನಿಮ್ಮ ದೀಪದ ಹೆಸರು ಬೀದಿಗೆ ತಂದೆ."

"ಎಷ್ಟು ದಿನದಿಂದ ನೋಡ್ತಿದ್ದೆ?"

"ಹತ್ತು ಹದಿನೈದು ದಿನ. ನಿಮ್ಮ ದೀಪ ಕಂಡ ದಿನ ಮೀನು, ಇಲ್ಲದ ದಿನ ಇಲ್ಲ. ಯಾಕೆ ಅಂತಲೇ ತಿಳೀಲಿಲ್ಲ."

ಮುದುಕಿ ಚಹಾದ ಪಾತ್ರೆ ಕೆಳಗಿಟ್ಟಳು. ಸೆರಗಿಲ್ಲದ ದೇಶ, ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. "ಒಂಬತ್ತು ವರ್ಷ ಆದ ಮೇಲೆ ಒಬ್ಬ ನೋಡಿದ. ಬಾ ನನ್ನ ಜೊತೆ," ಎಂದು ಅವನ ತೋಳು ಹಿಡಿದು ಹಿತ್ತಿಲ ದಾರಿಯಿಂದ ಹೊಳೆಗೆ ಇಳಿಸಿದಳು.

ಅಲ್ಲಿ ನಡುನೀರಿನಲ್ಲಿ ಒಂದು ದೊಡ್ಡ ಬಂಡೆ. "ಇದರ ಹೆಸರು ಹಸು," ಎಂದಳು. "ಮಳೆ ಬಂದ ಮೊದಲ ದಿನ ಹಸು ಪೂರ್ತಿ ಮುಳುಗುತ್ತೆ, ನೀರು ಕೆಸರು. ಮೀನು ಅಲುಗಲ್ಲ. ಎರಡನೇ ದಿನ ಬೆನ್ನು ಕಾಣುತ್ತೆ. ಆಗಲೂ ಸೆಳೆತ ಜಾಸ್ತಿ. ಬೆನ್ನು ಒಣಗಿ, ಹೊಟ್ಟೆ ಇನ್ನೂ ಒದ್ದೆ ಇದ್ದು, ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ಬರಬೇಕು. ಆಮೇಲೆ ಆ ನೊರೆ ನೋಡು. ನಡುವೆ ಹೋದ್ರೆ ಬೇಡ. ದಡದ ಮರದ ಬೇರು ಸವರಿಕೊಂಡು ಹೋದ್ರೆ, ಮೀನೂ ಅದೇ ದಾರಿ ಹಿಡಿಯುತ್ತೆ. ಎಲ್ಲ ಸರಿ ಇದ್ರೂ ಕಣ್ಣು ಮುಚ್ಚಿ ಕೇಳಬೇಕು. ಕಲ್ಲು ಗಡಗಡ ಅಂತಿದ್ರೆ ನೀರಿಗೆ ಇನ್ನೂ ಸಿಟ್ಟು ಇಳಿದಿಲ್ಲ ಅಂತ. ಗೊಣಗೊಣ ಅಂತಿದ್ರೆ, ಕೆಳಗೆ ಸಮುದ್ರದ ಬಾಯಲ್ಲಿ ಕಾಯ್ತಿರೋ ಸ್ಯೂಯಿನ್‌ಗೆ ಕರೆ ಹೋಯ್ತು ಅಂತ ತಿಳ್ಕೋ."

ಇಥೆಲ್ ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ಕೇಳಿದ ಹೊಳೆ ಅದು. ಒಂದು ದಿನವೂ ಹೀಗೆ ಕೇಳಿರಲಿಲ್ಲ. ಈ ಮುದುಕಿಯ ಕಾಲಿಗೆ ಬೀಳಬೇಕೆನ್ನಿಸಿತು.

"ದಿನಾ ಸಂಜೆ ಬಂದು ನೋಡ್ತೀನಿ. ಸರಿ ಇದ್ರೆ ದೀಪ ಈ ಕಡೆ ಕಿಟಕಿಗೆ, ಇಲ್ದಿದ್ರೆ ಹಿಂದಿನ ಕೋಣೆಗೆ," ಎಂದಳು ಟೆಗ್ವೆನಮ್ಮ. "ಹೆಂಗಸು ಹರಿಗೋಲಿನ ವಿಷಯದಲ್ಲಿ ಬಾಯಿ ಹಾಕಬಾರದು ಅಂತ ಆ ಕಾಲ. ಅದಕ್ಕೇ ನಾವಿಬ್ಬರೇ ಮಾಡಿಕೊಂಡಿದ್ದ ಉಪಾಯ. ನಿಮ್ಮ ಗೆಥಿನ್ ಆಕಾಶ ನೋಡ್ತಿದ್ದ ಅಂದ್ಕೊಂಡಿದ್ರಾ? ಮದುವೆ ದಿನ ಪಾದ್ರಿಗಳ ಎದುರು ನನ್ನ ಅಕ್ಕನ ಕೈ ಹಿಡ್ಕೊಂಡ ಪುಣ್ಯಾತ್ಮ ಅವನು! ಅವನಿಗೂ ಆರೇ ಕಾಣ್ತಿದ್ದಿದ್ದು."

"ಮತ್ತೆ... ಅವರು ಹೋದ ಮೇಲೂ ಯಾಕೆ ಹಚ್ತಿದ್ರಿ?"

"ಅವನು ಸತ್ತ ಅಂತ ನೀರು ನಿಂತುಬಿಡ್ತೇನೋ? ಸರಿ ಇದ್ದ ದಿನ ಸರಿ ಇದೆ ಅಂತ ಹೇಳಬೇಕಲ್ಲ ಯಾರಿಗಾದ್ರೂ. ಕೇಳೋರು ಇಲ್ದಿದ್ರೆ ಅದು ಅವರ ಕರ್ಮ."

ಮನೆಗೆ ಬಂದು ಬ್ರೆಡ್ ಇಡುವ ಡಬ್ಬಿಯ ತಳದಿಂದ ಒಂದು ಕನ್ನಡಕ ತೆಗೆದಳು. ಗೆಥಿನನದು, ಊರಿಗೆ ಗೊತ್ತಾಗದ ಹಾಗೆ ಮೂವತ್ತು ವರ್ಷ ಬ್ರೆಡ್ಡಿನ ಅಡಿಯಲ್ಲಿ ಬಾಳಿದ ಕನ್ನಡಕ. ಇಥೆಲ್ ಹಾಕಿಕೊಂಡ. ಸರಿಯಾಗಿ ಹೊಂದದಿದ್ದರೂ ಮುದುಕಿಯ ಮುಖದ ಸುಕ್ಕು ಒಂದೊಂದೂ ಕಂಡಿತು. ಗೋಡೆಯ ಮೇಲೆ ಗೆಥಿನನ ಚಿತ್ರ ಕಂಡಿತು. ಬೆಕ್ಕು ಕಂಡಿತು. ಅದು ಬೆಕ್ಕೆಂದು ಇಷ್ಟು ವರ್ಷ ಅವನಿಗೆ ತಿಳಿದಿರಲಿಲ್ಲ, ದಿಂಬೆಂದುಕೊಂಡಿದ್ದ.

ಟೆಗ್ವೆನಮ್ಮ ಒಂದು ಚೀಟಿ ಬರೆದು ಮಡಚಿ ಕೊಟ್ಟಳು. ಹಾಪ್ಕಿನನಿಗೆ. ಇಥೆಲ್ ಸೈಕಲ್ ಹತ್ತಿ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ, ಕಾಗದವನ್ನು ನೇರವಾಗಿ ಅದರ ಮನೆಗೆ ಮುಟ್ಟಿಸಿದ.

ಹಾಪ್ಕಿನ್ ಬಾಗಿಲಲ್ಲಿ ನಿಂತೇ ಓದಿದ. "ಹಾಪ್ಕಿನ್, ಗೆಥಿನನಿಗೂ ಏಳನೆಯದು ನನ್ನ ದೀಪವೇ. ಈ ಹುಡುಗ ಕಣ್ಣು ಕಾಣದವನಾದರೂ ನೋಡಬೇಕಾದ್ದನ್ನು ನೋಡಿದ್ದಾನೆ. ಬಿಡಬೇಡ. ಹಸುವಿನ ಬೆನ್ನು ಒಣಗಿದೆ." ಎರಡನೇ ಸಲ ಓದಿದ. ಮೆಟ್ಟಿಲ ಮೇಲೆ ಕುಳಿತು ಮೂರನೇ ಸಲ ಓದಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಕನ್ನಡಕ ಹಾಕಿದರೂ ಇಥೆಲನಿಗೆ ತಿಳಿಯಲಿಲ್ಲ.

"ಮೂವತ್ತು ವರ್ಷ!" ಎಂದ ಹಾಪ್ಕಿನ್ ಕಡೆಗೆ. "ಮೂವತ್ತು ವರ್ಷ ಆ ಹೆಂಗಸು ನನಗೆ ಅನ್ನ ಹಾಕಿದ್ದಾಳೆ, ನಾನು ಗೆಥಿನನ ಬೆನ್ನು ತಟ್ಟುತ್ತಾ ಕೂತಿದ್ದೆ. ಸಂಜೆ ಬೇಗ ಬಾರೋ ಕತ್ತೆ."

ಸಂಜೆ ಹೊಳೆ ದಂಡೆಯಲ್ಲಿ ಆರು ಜೋಡಿಯೂ ಸೇರಿದವು. ಹಾಪ್ಕಿನ್ ಎದ್ದು ನಿಂತು ಚೀಟಿಯನ್ನು ಎಲ್ಲರಿಗೂ ಓದಿ ಹೇಳಿದ. ನಗಬೇಕೆಂದು ಬಂದಿದ್ದವರು ಒಬ್ಬೊಬ್ಬರಾಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಮಡಾಕ್ ಕೂಡ ಬಂದಿದ್ದ. ಏಳು ನಕ್ಷತ್ರಕ್ಕೆ ಮುಂಚೆ ಇಳಿಯುವುದು ತಪ್ಪೇ ಹೊರತು ಆಮೇಲೆ ಎಷ್ಟು ಹೊತ್ತು ಕಾದರೂ ತಪ್ಪಲ್ಲವೆಂದು ಪುಸ್ತಕ ನೋಡಿ ಖಚಿತಪಡಿಸಿದ. ಗಾಳದ ದೊಡ್ಡ ಮನುಷ್ಯರು ಆ ಗುಡ್ಡದ ಮೇಲೆ ಬಾಡಿಗೆ ಮನೆ ಹುಡುಕುತ್ತಿದ್ದಾರೆಂದೂ ಹೇಳಿದ. ಅದು ಅವನ ಜೀವಮಾನದ ಮೊದಲ ಹಾಸ್ಯವಿರಬೇಕು.

ಕತ್ತಲಾಯಿತು. ಇಥೆಲ್ ಕನ್ನಡಕ ಏರಿಸಿ ತಲೆ ಎತ್ತಿದ. ಹಾಗೇ ಬಾಯಿ ತೆರೆದು ನಿಂತುಬಿಟ್ಟ. ಏಳಲ್ಲ, ಎಪ್ಪತ್ತಲ್ಲ. ಮೇಲೆ ಜಾಗವೇ ಇಲ್ಲದ ಹಾಗೆ ನಕ್ಷತ್ರ ಸುರಿದಿದ್ದವು. ಇಷ್ಟು ದಿನ ಇವೆಲ್ಲ ಇಲ್ಲೇ ಇದ್ದವೇ ಎಂದುಕೊಂಡ.

"ಎಷ್ಟಾಯ್ತೋ ಇಥೆಲ್?" ಹಾಪ್ಕಿನ್ ನೀರಿನ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ.

ಇಥೆಲ್ ಕನ್ನಡಕ ತೆಗೆದ. ಮಡಚಿ ಜೇಬಿಗಿಟ್ಟುಕೊಂಡ. ಗುಡ್ಡದ ಕಡೆ ತಿರುಗಿ ಕೈ ಕಟ್ಟಿ ನಿಂತ.

"ಆರು," ಎಂದ. "ಇನ್ನೊಂದು ಬಾಕಿ ಇದೆ. ತಡೀರಿ."

ಉಳಿದ ಹನ್ನೊಂದು ಗಂಡಸರೂ ಮರುಮಾತಿಲ್ಲದೆ ಕಾದರು.